ಒದ್ದೆ ಬಿಳಿ ಬಟ್ಟೆಯಲ್ಲಿ ಚಿಗಟದ ಗುರುತು

ನಾಯಿ ಅಥವಾ ಬೆಕ್ಕಿನ ಮೈಯಲ್ಲಿ ಚಿಗಟವಿದೆಯೇ ಎಂದು ತಿಳಿಯಲು, ಬಾಲದ ಬುಡದ ಮೇಲ್ಭಾಗವನ್ನು ಹೇನಿನ ಬಾಚಣಿಗೆಯಿಂದ ಚರ್ಮಕ್ಕೆ ತಾಗುವಂತೆ ಬಾಚಿ, ಉದುರಿದ ಕಪ್ಪು ಕಣಗಳನ್ನು ಹಳೆಯ ಬಿಳಿ ಮುಂಡಿನ ಒದ್ದೆ ತುಂಡಿನ ಮೇಲೆ ಕೊಡವಿ ಒಂದೆರಡು ನಿಮಿಷ ಕಾಯಬೇಕು. ಕಣಗಳ ಸುತ್ತ ಕೆಂಗಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ. ಹೀರಿದ ರಕ್ತವೇ ಒಣಗಿ ಹಿಕ್ಕೆಯಾಗಿರುವುದರಿಂದ ನೀರು ತಾಗಿದೊಡನೆ ಬಣ್ಣ ಬಿಡುತ್ತದೆ. ನಮ್ಮ ಕಾಸರಗೋಡಿನ ಮುರಕಲ್ಲಿನ ಧೂಳು ಇಲ್ಲಿ ಮೋಸ ಮಾಡಬಹುದಾದ್ದರಿಂದ, ಒದ್ದೆಯಾಗುವ ಮೊದಲೇ ಕಣದ ಬಣ್ಣವನ್ನು ನೋಡಿಕೊಳ್ಳಿರಿ: ಧೂಳು ಒಣಗಿರುವಾಗಲೂ ಕೆಂಪು, ಹಿಕ್ಕೆ ಕಪ್ಪು. ಆಗಷ್ಟೇ ಸ್ನಾನ ಮಾಡಿಸಿದ ನಾಯಿಯಲ್ಲಿ, ಮೈಯನ್ನು ಸದಾ ನೆಕ್ಕಿಕೊಳ್ಳುವ ಬೆಕ್ಕಿನಲ್ಲಿ ಈ ಪರೀಕ್ಷೆ ಏನನ್ನೂ ತೋರಿಸದೆ ಹೋಗಬಹುದು. ಉಣ್ಣಿಯನ್ನು ಪತ್ತೆಹಚ್ಚಲು ಇದು ಉಪಯೋಗಕ್ಕೆ ಬಾರದು, ಅದಕ್ಕೆ ಕಿವಿ ಮತ್ತು ಬೆರಳ ಸಂದುಗಳನ್ನೇ ನೋಡಬೇಕು. ಗುರುತು ಕಂಡರೆ ಪ್ರಾಣಿಯ ಮೈಗೆ ಮಾತ್ರ ಔಷಧಿ ಹಚ್ಚಿದರೆ ಸಾಲದು. ಚಿಗಟದ ಮೊಟ್ಟೆಗಳು ರೋಮಕ್ಕೆ ಅಂಟಿ ನಿಲ್ಲದೆ ಮಲಗುವ ಜಾಗದಲ್ಲಿ ಉದುರುವುದರಿಂದ, ಜಗಲಿಯ ಗೋಣಿಚೀಲವನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸಬೇಕು, ಮೂಲೆಗಳ ಕಸವನ್ನು ಗುಡಿಸಿ ಹೊರಹಾಕಬೇಕು. ಚಿಗಟದ ಮರಿಹುಳು ತಾನೇ ನೇಯ್ದ ಗೂಡಿನೊಳಗೆ ಕೋಶವಾಗಿರುವಾಗ (ಚಿಗಟವಾಗುವ ಮುಂಚಿನ ಹಂತ) ಅದಕ್ಕೆ ಔಷಧಿ ಸುಲಭವಾಗಿ ತಾಗದ ಕಾರಣ, ಕೆಲವು ವಾರಗಳವರೆಗೆ ಹೊಸ ಚಿಗಟಗಳು ಕಾಣಿಸಿಕೊಳ್ಳುವುದು ಸಹಜ. ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ನಾಯಿಯ ಔಷಧಿಯನ್ನು ಬೆಕ್ಕಿಗೆ ಎಂದೂ ಹಚ್ಚಬಾರದು. ಅದು ಬೆಕ್ಕಿನ ಪ್ರಾಣಕ್ಕೇ ಅಪಾಯ.