ಹಳೇ ತಲೆಬರಹ, ಹೊಸ ಪರಿಣಾಮ: ನಾನು ಬರೆಯುವ ಬಗೆ

ಹಳೇ ಪೇಪರಿನ ಒಂದು ತಲೆಬರಹ ತೆಗೆದುಕೊಂಡು, ಅದರಿಂದ ನಮ್ಮ ಕೋಲಾರದ ಕಡೆ ಏನೇನು ಆಗಿರಬಹುದಿತ್ತು ಅಂತ ಬರೆಯುವ ಸಣ್ಣ ಹಾಸ್ಯ ಇದು. ತಲೆಬರಹ ನಿಜದ್ದಾಗಿರಬೇಕು, ಪರಿಣಾಮಕ್ಕೆ ಲೆಕ್ಕ ಇರಬೇಕು. ಉತ್ಪ್ರೇಕ್ಷೆ ಮಾಡಿದರೆ ನಗು ಬರುತ್ತದೆ ಅನ್ನುವುದು ಸುಳ್ಳು. ಒಂದೇ ಒಂದು ಸಂಗತಿಯನ್ನು ಅತಿಯಾಗಿ ನಂಬಿ, ಉಳಿದದ್ದನ್ನೆಲ್ಲ ಶಾನುಭೋಗರ ಲೆಕ್ಕದ ಹಾಗೆ ಬರೆದಾಗಲೇ ನಗು. ನೂರಿಪ್ಪತ್ತರಿಂದ ನೂರೈವತ್ತು ಪದ ಸಾಕು.

ಸರಕು ಸಿಗುವುದು ಗ್ರಂಥಾಲಯದ ಬೈಂಡ್ ಸಂಪುಟಗಳಲ್ಲಿ, ಗುಜರಿ ಅಂಗಡಿಯಲ್ಲಿ, ಅಟ್ಟದ ಮೇಲಿನ ಟ್ರಂಕಿನ ತಳದಲ್ಲಿ. ಪೇಪರು ಸಿಕ್ಕಿದ ತಕ್ಷಣ ಮಡಿಕೆ ಬಿಡಿಸಬೇಡಿ. ಪತ್ರಿಕೆಯ ಕಾಗದದಲ್ಲಿ ಮರದ ಲಿಗ್ನಿನ್ ಎಂಬ ಅಂಶ ಹಾಗೇ ಉಳಿದಿರುತ್ತದೆ, ಬೆಳಕು, ಗಾಳಿ ತಗುಲಿ ಹಳದಿಯಾಗುತ್ತದೆ. ಹಳತಾದಷ್ಟೂ ಪೆಡಸಾಗಿ ಮೊದಲು ಮುರಿಯುವುದು ಮಡಿಕೆಯಲ್ಲೇ. ಮೇಲೆ ಕಾಣುವಷ್ಟರ ಫೋಟೊ ಮೊದಲು, ಬಿಡಿಸುವುದು ಆಮೇಲೆ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು. ಹರಿದ ಜಾಗಕ್ಕೆ ಸೆಲ್ಲೋಟೇಪ್ ಹಚ್ಚಿದರೆ ಅಂಟು ಕಂದು ಬಣ್ಣಕ್ಕೆ ತಿರುಗಿ ಅಕ್ಷರವನ್ನೇ ನುಂಗುತ್ತದೆ.

ತಾರೀಖಿನ ಮೂಲೆ ಹರಿದುಹೋಗಿದ್ದರೆ ಸಿನಿಮಾ ಜಾಹೀರಾತು, ಪೇಟೆ ಧಾರಣೆ, ಪಂಚಾಂಗದ ತಿಥಿ ನೋಡಿ ಅಂದಾಜು ಮಾಡಿ, ಸಂಪುಟದಲ್ಲಿ ಖಚಿತ ಮಾಡಿಕೊಳ್ಳಿ. ವಾಟ್ಸಾಪಿನಲ್ಲಿ ಬರುವ ಕಟಿಂಗ್‌ಗಳ ಬಗ್ಗೆ ಇನ್ನೂ ಹುಷಾರಾಗಿರಬೇಕು. ಪ್ರಜಾವಾಣಿ ಶುರುವಾದದ್ದು 1948ರ ಅಕ್ಟೋಬರಿನಲ್ಲಿ, ಕನ್ನಡಪ್ರಭ 1967ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ತಾರೀಖು ಹೊತ್ತು ಆ ಹೆಸರಿನ ಕಟಿಂಗ್ ಬಂದರೆ ಯಾರೋ ನಿಮಗಿಂತ ಮೊದಲೇ ಹಾಸ್ಯ ಮಾಡಿದ್ದಾರೆ ಅಂತ ಅರ್ಥ.

ಒಂದು ಉದಾಹರಣೆ ಪೂರ್ತಿ ಬಿಡಿಸುತ್ತೇನೆ. 1957ರ ಏಪ್ರಿಲ್ 1ರಂದು ನಯಾಪೈಸೆ ಜಾರಿಗೆ ಬಂತು. ಒಂದು ರೂಪಾಯಿಯ ಹದಿನಾರಾಣೆಗೆ ನೂರು ಪೈಸೆ, ಅಂದರೆ ಆಣೆಗೆ ಆರೂಕಾಲು. ಕಾಲು ಪೈಸೆಯ ನಾಣ್ಯ ಇಲ್ಲ. ಅದಕ್ಕೇ ಸರ್ಕಾರಿ ಪಟ್ಟಿಯಲ್ಲಿ ಒಂದಾಣೆಗೆ 6, ಎರಡಾಣೆಗೆ 12, ಮೂರಾಣೆಗೆ 19, ನಾಲ್ಕಾಣೆಗೆ 25 ಪೈಸೆ. ಈ ಪಟ್ಟಿಯಲ್ಲೇ ಹಾಸ್ಯ ಕೂತಿದೆ, ನಾವು ಸೇರಿಸಬೇಕಾದ್ದು ಒಂದು ವಡೆ ಮಾತ್ರ.

ವಡೆ ಒಂದಾಣೆ ಅಂತ ಇಟ್ಟುಕೊಳ್ಳಿ. ನಾಲ್ಕು ವಡೆ ಒಟ್ಟಿಗೆ ತಿಂದವನಿಗೆ ಬಿಲ್ಲು 25. ಒಂದು ತಿಂದು, ಆರು ಪೈಸೆ ಕೊಟ್ಟು, ಹೊರಗೆ ಹೋಗಿ, ಮತ್ತೆ ಒಳಗೆ ಬಂದು ಕೂರುವವನಿಗೆ 24. ಹದಿನಾರು ವಡೆಗೆ ನಾಲ್ಕು ಪೈಸೆ ಉಳಿತಾಯ. ಗಿರಾಕಿಗೆ ಇದು ಗೊತ್ತಾದ ಮೇಲೆ ಹೋಟೆಲಿನವರು ಸುಮ್ಮನಿರುತ್ತಾರಾ? ಬಿಡಿ ವಡೆ ನಿಲ್ಲಿಸಿ, ಮೂರರ ಪ್ಲೇಟು ಮಾತ್ರ ಕೊಡುತ್ತಾರೆ. ಬಿಡಿಯಾಗಿ ಹದಿನೆಂಟಾಗುತ್ತಿದ್ದದ್ದು ಈಗ ಹತ್ತೊಂಬತ್ತು. ಗಿರಾಕಿಗಳು ಅಮಲ್ದಾರರಿಗೆ ಅರ್ಜಿ ಕೊಡುತ್ತಾರೆ. ಆ ಕಾಲದ ಮೈಸೂರು ಸೀಮೆಯಲ್ಲಿ ಅಮಲ್ದಾರರು ಅಂತಲೇ ಬರೆಯಬೇಕು, ತಹಶೀಲ್ದಾರ್ ಅಂದರೆ ಹಿರಿಯ ಓದುಗರು ಅಲ್ಲೇ ಪೇಪರು ಮಡಿಸುತ್ತಾರೆ. ಅಮಲ್ದಾರರ ತೀರ್ಪು: ದಾರದಲ್ಲಿ ಪೋಣಿಸಿದ್ದರೆ ಮೂರು ವಡೆ ಒಂದೇ ಪದಾರ್ಥ, ಇಲ್ಲದಿದ್ದರೆ ಬೇರೆ ಬೇರೆ. ಮಾರನೆಯ ದಿನವೇ ಆಂಜನೇಯನ ಗುಡಿಯ ಅರ್ಚಕರ ತಕರಾರು ಅರ್ಜಿ: ಪೋಣಿಸಿದ ವಡೆ ಸ್ವಾಮಿಗೆ ಮೀಸಲು.

ಇಲ್ಲಿಗೆ ನಿಲ್ಲಿಸಬೇಕು. ಅರ್ಚಕರಿಗೆ ಅಮಲ್ದಾರರು ಏನು ಹೇಳಿದರು ಅಂತ ಬರೆಯಹೊರಟರೆ ಕೆಡುತ್ತದೆ. ಗಿರಾಕಿ, ಹೋಟೆಲು, ಕಚೇರಿ, ಗುಡಿ, ಹೀಗೆ ಒಬ್ಬರ ಜಾಣತನಕ್ಕೆ ಇನ್ನೊಬ್ಬರ ಉತ್ತರ ಬರುತ್ತಾ ಹೋಗಬೇಕು. ಬರೀ ಅನಾಹುತಗಳ ಪಟ್ಟಿ ಕೊಟ್ಟರೆ ಮೂರನೆಯದಕ್ಕೇ ಓದುಗನಿಗೆ ಆಕಳಿಕೆ.

ಕೆಲವು ಸಲ ನಿಜವೇ ಮುಂದೆ ಹೋಗಿರುತ್ತದೆ. ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ 1979ರ ಜುಲೈ 11ರಂದು ಬಿತ್ತು, ಚೂರುಗಳು ಸಿಕ್ಕಿದ್ದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಅಲ್ಲಿನ ಎಸ್ಪೆರೆನ್ಸ್ ಎಂಬ ಊರಿನ ಸ್ಥಳೀಯ ಆಡಳಿತ, ಕಸ ಹಾಕಿದ್ದಕ್ಕೆ ಅಂತ ನಾಸಾಗೆ 400 ಡಾಲರ್ ದಂಡ ಹಾಕಿತ್ತು. ಇದು ಗೊತ್ತಿಲ್ಲದೆ "ನಮ್ಮ ಪಂಚಾಯ್ತಿ ಅಮೆರಿಕಕ್ಕೆ ನೋಟಿಸು ಕೊಟ್ಟಿತು" ಅಂತ ಬರೆದರೆ ಸಪ್ಪೆ. ಗೊತ್ತಿದ್ದರೆ ಅಲ್ಲಿಂದಲೇ ಶುರು ಮಾಡಬಹುದು: ಮಾಲೂರಿನಲ್ಲಿ ಮಳೆಗಾಲಕ್ಕೆ ಮೊದಲೇ ಒಡೆದಿದ್ದ ಹೆಂಚುಗಳ ಮಾಲೀಕರೆಲ್ಲ ಸ್ಕೈಲ್ಯಾಬಿನ ಖಾತೆಗೆ ಪರಿಹಾರ ಕೇಳುತ್ತಾರೆ, ಆಕಾಶದಿಂದ ಏನೂ ಬೀಳಲಿಲ್ಲವಲ್ಲ ಅಂದರೆ "ಗಾಬರಿಗೆ ಒಡೆದವು ಸ್ವಾಮಿ" ಅನ್ನುತ್ತಾರೆ.

ಟೊಮೆಟೊ ಸುದ್ದಿ ತೀರಾ ಹಳೆಯದಲ್ಲ, ಆದರೂ ಕೋಲಾರದವರು ಬಿಡುವ ಹಾಗಿಲ್ಲ. 2023ರ ಜುಲೈನಲ್ಲಿ ಇಲ್ಲಿನ ಎಪಿಎಂಸಿಯಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿತು. ಟೊಮೆಟೊವನ್ನು ಬ್ಯಾಂಕ್ ಲಾಕರಿನಲ್ಲಿಡುವ ಹಾಸ್ಯ ಆಗಲೇ ಸವೆದುಹೋಗಿದೆ. ಮುಯ್ಯಿ, ಅಂದರೆ ಸಮಾರಂಭದಲ್ಲಿ ಕೊಟ್ಟು ಮುಂದೆ ತಿರುಗಿ ಪಡೆಯುವ ಉಡುಗೊರೆ, ಇದಕ್ಕಿಂತ ಒಳ್ಳೆಯ ದಾರಿ. ನೆಂಟರು ಒಂದು ಬಾಕ್ಸು ಟೊಮೆಟೊ ಮುಯ್ಯಿ ಮಾಡುತ್ತಾರೆ, ಅದನ್ನು ಮನೆಯವರು ಮುಯ್ಯಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಎರಡು ತಿಂಗಳಲ್ಲಿ ದರ ಬಿದ್ದು ರೈತರು ರಸ್ತೆಗೆ ಸುರಿಯುವ ಹೊತ್ತಿಗೆ ನೆಂಟರ ಮನೆಯ ಕಾರ್ಯ. ತಿರುಗಿಸಬೇಕಾದ್ದು ಬಾಕ್ಸೋ, ಬೆಲೆಯೋ? "ನಾವು ಕೊಟ್ಟಾಗ ಎರಡು ಸಾವಿರ ಕಣಮ್ಮಾ" ಅನ್ನುವ ಅತ್ತಿಗೆ, "ನಾವೂ ಕೆಂಪಗಿರೋದನ್ನೇ ತಂದಿದ್ದೀವಲ್ಲ ಅತ್ತಿಗೆ" ಅನ್ನುವ ನಾದಿನಿ. ಆದರೆ ಮೊದಲ ಸಮಾರಂಭ ಮದುವೆ ಅಂತ ಬರೆಯಬೇಡಿ. ಆ ಜುಲೈ ಅರ್ಧ ಆಷಾಢ, 18ರಿಂದ ಅಧಿಕ ಶ್ರಾವಣ. ಆ ತಿಂಗಳಲ್ಲಿ ಮದುವೆ ಮಾಡಿಸಿದರೆ ಪಂಚಾಂಗ ನೋಡುವವರು ಕಥೆ ಬಿಟ್ಟು ಲೇಖಕನನ್ನು ಹಿಡಿಯುತ್ತಾರೆ. ನಾಮಕರಣ ಮಾಡಿಸಿ.

ಮುಟ್ಟದ ತಲೆಬರಹಗಳೂ ಇವೆ. ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರ ಗೋಲಿಬಾರ್, 2001ರ ಫೆಬ್ರವರಿ 28ರಂದು ಕೆಜಿಎಫ್ ಗಣಿ ಮುಚ್ಚಿದ್ದು, ಇವಕ್ಕೆ ಪರಿಣಾಮ ನಾವು ಕಲ್ಪಿಸಬೇಕಾಗಿಲ್ಲ. ಸಣ್ಣಪುಟ್ಟ ಕಳ್ಳತನದ ಸುದ್ದಿಯನ್ನೂ ಬಿಡುತ್ತೇನೆ. ಆರೋಪಿಯ ಮೊಮ್ಮಕ್ಕಳು ಪಕ್ಕದ ಬೀದಿಯಲ್ಲೇ ಇರುತ್ತಾರೆ.

ಭಾಷೆ ಪೂರ್ತಿ ವರದಿಗಾರರದ್ದಿರಲಿ: "ತಿಳಿದುಬಂದಿದೆ", "ಬಲ್ಲ ಮೂಲಗಳ ಪ್ರಕಾರ", "ಹೆಸರು ಹೇಳಲಿಚ್ಛಿಸದ ವಡೆಪ್ರಿಯರೊಬ್ಬರು". ಆಶ್ಚರ್ಯಸೂಚಕ ಚಿಹ್ನೆ ಒಂದೂ ಬೇಡ. ಬರೆದವನೇ ಮೊದಲು ನಕ್ಕುಬಿಟ್ಟರೆ ಓದುವವನಿಗೆ ಏನು ಉಳಿಯಿತು?

ಹಂಚುವಾಗ ಚಿತ್ರ ಮಾಡಿ ಕಳಿಸುವುದಾದರೆ "ಕಲ್ಪನೆ" ಅನ್ನುವ ಪದವನ್ನೂ ಮೂಲ ಸುದ್ದಿಯ ಇಸವಿಯನ್ನೂ ಚಿತ್ರದ ಒಳಗೇ, ತಲೆಬರಹಕ್ಕೆ ಅಂಟಿಕೊಂಡಂತೆ ಹಾಕಿ. ಕೆಳಗೆ ಬರೆದ ಸಾಲು ಫಾರ್ವರ್ಡ್ ಆಗುವಾಗ ಉದುರಿಹೋಗುತ್ತದೆ, ಅಂಚಿನಲ್ಲಿದ್ದರೆ ಯಾರೋ ಕತ್ತರಿಸುತ್ತಾರೆ. ಪೇಪರಿನ ಲಾಂಛನ, ಅದೇ ಅಕ್ಷರ ವಿನ್ಯಾಸ ಬಳಸಲೇಬೇಡಿ. ವಡೆ ಪೋಣಿಸುವ ಆದೇಶ ಗೆಜೆಟ್ಟಿನಲ್ಲಿ ಯಾವ ಪುಟದಲ್ಲಿದೆ ಅಂತ ಕೇಳುವವರು ಖಂಡಿತ ಇದ್ದಾರೆ.