ತ್ರಿಕೋನ ರೆಕ್ಕೆಯ ಅಪರೂಪದ ವಿಮಾನವನ್ನು ಕಾಪಾಡುವುದು, ಅದರಿಂದ ಪ್ರಯಾಣಿಕ ವಿಮಾನವನ್ನು ಕಲ್ಪಿಸುವುದು ಹೇಗೆ?

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿಯ ವೈಮಾನಿಕ ಪರೀಕ್ಷಾ ವಲಯದಲ್ಲಿ 2023ರ ಏಪ್ರಿಲ್ 2ರ ಬೆಳಿಗ್ಗೆ ಚಿನೂಕ್ ಹೆಲಿಕಾಪ್ಟರೊಂದು ಇಸ್ರೋದ ರೆಕ್ಕೆಯುಳ್ಳ ಮರುಬಳಕೆ ಉಡಾವಣಾ ವಾಹನದ ಪ್ರಯೋಗ ಮಾದರಿಯನ್ನು ಸುಮಾರು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಿತು. ವಾಹನ ತನ್ನಷ್ಟಕ್ಕೆ ದಾರಿ ಹಿಡಿದು ರನ್‌ವೇ ಮೇಲೆ ಇಳಿಯಿತು. 2024ರ ಮಾರ್ಚ್ 22ರಂದು ‘ಪುಷ್ಪಕ್’ ಎಂಬ ಹೆಸರಿನಲ್ಲಿ ಈ ವಾಹನ ಇಳಿಯಿತು. ಜೂನ್ 23ರಂದು ಮತ್ತೆ ಇಳಿದದ್ದು ಅದೇ ರೆಕ್ಕೆ, ಅದೇ ಒಡಲು. ಇದರದ್ದು ಎರಡು ಕೋನಗಳಲ್ಲಿ ಹಿಂದಕ್ಕೆ ಬಾಗಿದ ತ್ರಿಕೋನ ರೆಕ್ಕೆ, ಅಂದರೆ ಜೋಡಿ ಡೆಲ್ಟಾ. 2016ರ ಮೇ 23ರಂದು ಶ್ರೀಹರಿಕೋಟಾದಿಂದ ಹಾರಿದ ಇದರ ಅಣ್ಣ ಬಂಗಾಳಕೊಲ್ಲಿಯ ಪಾಲಾಯಿತು. ಆದ್ದರಿಂದ ನೆಲಕ್ಕಿಳಿದು ಉಳಿದಿರುವ ಈ ಒಡಲಿನ ಬೆಲೆ ನನ್ನ ಕಣ್ಣಿಗೆ ಬಹಳ ದೊಡ್ಡದು, ಮತ್ತು ಇಂಥದ್ದನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ನಮ್ಮ ಜಿಲ್ಲೆಗಳ ಹುಡುಗರು ಈಗಲೇ ಕಲಿತಿರಬೇಕು.

ಮೊದಲ ಕೆಲಸ ಏನನ್ನೂ ಮುಟ್ಟದಿರುವುದು. ಇಂಥ ವಿಮಾನ ನಿಮ್ಮ ಶೆಡ್ಡಿಗೆ ಬಂದ ದಿನವೇ ಮೂಗಿನಿಂದ ಬಾಲದವರೆಗೆ ಪ್ರತಿ ಫಲಕದ ಚಿತ್ರ ತೆಗೆಯಿರಿ. ಚಿತ್ರದಲ್ಲಿ ಅಳತೆಪಟ್ಟಿಯೂ ಇರಲಿ. ಮಾಸಿದ ಅಕ್ಷರ, ಪೆನ್ಸಿಲ್ ಗುರುತು, ತೇಪೆ ಹಾಕಿದ ಜಾಗ, ಬದಲಿಸಿದ ರಿವೆಟ್ ಎಲ್ಲವನ್ನೂ ಬರೆದಿಡಿ. ಪ್ರಾಯೋಗಿಕ ವಿಮಾನದಲ್ಲಿ ಇವೇ ದಾಖಲೆ. ಕಾಗದದ ನಕ್ಷೆ ಒಂದು ಹೇಳಿದರೆ ಲೋಹ ಇನ್ನೊಂದು ಹೇಳುವುದುಂಟು, ಅಲ್ಲಿ ನಂಬಬೇಕಾದದ್ದು ಲೋಹವನ್ನು. ದಾವಣಗೆರೆಯಲ್ಲಿ ನಾನು ಕೆಲಸ ಕಲಿಸುವ ಶೆಡ್ಡಿನಲ್ಲಿ ಗುಜರಿಯಿಂದ ತಂದ ಒಂದು ರೆಕ್ಕೆಯ ತುಂಡಿದೆ. ಅದು ಬಂದ ವಾರವೇ ಚಂದ ಕಾಣಲೆಂದು ಮರಳುಕಾಗದದಿಂದ ಉಜ್ಜಿಸಿದೆ. ಬಣ್ಣದ ಜೊತೆಗೆ ಅಚ್ಚೊತ್ತಿದ ಭಾಗಸಂಖ್ಯೆಗಳೂ ಹೋದವು. ಆ ತುಂಡು ಯಾವ ವಿಮಾನದ್ದೆಂದು ಇಂದಿಗೂ ಹೇಳಲಾಗುತ್ತಿಲ್ಲ. ಆ ನೋವಿನಿಂದಲೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ: ಹಳೆಯ ಬಣ್ಣವನ್ನು ಕೆರೆಯಬೇಡಿ, ಹೊಸ ಬಣ್ಣ ಬಳಿಯಬೇಡಿ.

ಚಿತ್ರ ತೆಗೆದ ಮೇಲೂ ಕಾಕ್‌ಪಿಟ್‌ಗೆ ಇಳಿಯುವ ಅವಸರ ಬೇಡ. ಅಪಾಯದಲ್ಲಿ ಪೈಲಟ್ ಸಮೇತ ಹೊರಚಿಮ್ಮುವ ಆಸನವಿದ್ದರೆ ಅದರ ಸಿಡಿಮದ್ದನ್ನು ಬಲ್ಲವರಿಂದ ತೆಗೆಸಿ, ಬರಹದಲ್ಲಿ ಖಾತ್ರಿ ಪಡೆಯಬೇಕು. 1950ರ ದಶಕದ ಉಪಕರಣಗಳ ಮುಖಗಳಲ್ಲಿ ಕತ್ತಲಲ್ಲಿ ಹೊಳೆಯುವ ರೇಡಿಯಂ ಬಣ್ಣ ಇರಬಹುದಾದ್ದರಿಂದ ಅವುಗಳ ಗಾಜನ್ನು ಬಿಚ್ಚಬಾರದು.

ನಮ್ಮ ಸೀಮೆಯಲ್ಲಿ ಮಳೆ ಕಡಿಮೆ, ಆದ್ದರಿಂದ ಲೋಹಕ್ಕೆ ಭಯವಿಲ್ಲ ಎಂದುಕೊಳ್ಳುವವರಿದ್ದಾರೆ. ಚಳ್ಳಕೆರೆ, ಹಿರಿಯೂರು ಕಡೆಯ ಒಣಹವೆ ಒಳ್ಳೆಯದೇ, ಆದರೆ ಧೂಳು ಬಿಡುವುದಿಲ್ಲ. ಸಂದುಗಳಲ್ಲಿ ಕೂತ ಕೆಮ್ಮಣ್ಣು ರಾತ್ರಿಯ ಇಬ್ಬನಿಯನ್ನು ಹೀರಿ ಹಿಡಿದಿಡುತ್ತದೆ. ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಹಾಳೆಗೆ ತಾಗುವ ಕಡೆ ಆ ತೇವವೇ ಬ್ಯಾಟರಿಯ ದ್ರವದಂತೆ ಕೆಲಸ ಮಾಡಿ ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ನಮ್ಮ ತುಂಡಿನಲ್ಲೇ ನೋಡಬಹುದು: ಬೋಲ್ಟಿನ ಸುತ್ತ ಸುಣ್ಣದಂಥ ಬಿಳಿ ಪುಡಿ, ಅದರ ಆಚೆ ಉಜ್ಜದೆ ಉಳಿದ ಕಡೆ ಗುಳ್ಳೆಯೆದ್ದ ಬಣ್ಣ, ಉಗುರಿನಿಂದ ಒತ್ತಿದರೆ ಪದರ ಪದರವಾಗಿ ಏಳುವ ಹಾಳೆ. ಇದನ್ನು ತಡೆಯಲು ಒತ್ತಡದ ನೀರು ಬಿಡಬಾರದು. ಅದು ಧೂಳನ್ನು ಇನ್ನೂ ಒಳಕ್ಕೆ ತಳ್ಳುತ್ತದೆ. ಮೆದುವಾದ ಕುಂಚದಿಂದ ಧೂಳು ತೆಗೆದು, ಒಗೆದೊಗೆದು ಮೆತ್ತಗಾದ ಹತ್ತಿ ಪಂಚೆಯ ತುಂಡನ್ನು ಸೌಮ್ಯ ಸಾಬೂನಿನ ನೀರಿನಲ್ಲಿ ಅದ್ದಿ ಹಿಂಡಿ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಿ.

ಡೆಲ್ಟಾ ರೆಕ್ಕೆಗೆ ತನ್ನದೇ ತೊಂದರೆಗಳಿವೆ. ಇಂಥ ವಿಮಾನ ಸಾಮಾನ್ಯವಾಗಿ ಮೂಗೆತ್ತಿ ನಿಲ್ಲುವುದರಿಂದ ವಿಶಾಲವಾದ ಮೇಲ್ಮೈಗೆ ಬಿದ್ದ ನೀರೆಲ್ಲ ಹಿಂದಿನ ಅಂಚಿಗೆ, ಅಲ್ಲಿ ಮೇಲೆ ಕೆಳಗೆ ಆಡುತ್ತ ವಿಮಾನವನ್ನು ನಿಯಂತ್ರಿಸುವ ಫಲಕಗಳಾದ ಎಲೆವಾನ್‌ಗಳ ಕೀಲಿಗೆ ಹರಿದು ಬರುತ್ತದೆ. ನೀರಿಳಿಯುವ ರಂಧ್ರಗಳನ್ನು ತಿಂಗಳಿಗೊಮ್ಮೆ ನೋಡಬೇಕು, ಏಕೆಂದರೆ ಕಣಜ ಅಲ್ಲಿ ಮಣ್ಣಿನ ಗೂಡು ಕಟ್ಟದೆ ಬಿಡುವುದಿಲ್ಲ. ಹೈಡ್ರಾಲಿಕ್ ಒತ್ತಡ ಇಲ್ಲದೆ ಎಲೆವಾನ್‌ಗಳು ಜೋತುಬೀಳುವ ವಿಮಾನಗಳಲ್ಲಿ, ಗಾಳಿಗೆ ಬಡಿದಾಡದಂತೆ ಅವಕ್ಕೆ ಬಟ್ಟೆ ಸುತ್ತಿದ ಮರದ ಆಸರೆ ಕೊಡಿ. ಒಡಲನ್ನು ಗುರುತಿಸಿದ ಜಾಗಗಳಲ್ಲಿ ಮಾತ್ರ ಜ್ಯಾಕಿನಿಂದ ಎತ್ತಿ, ಟೈರಿನ ಮೇಲಿನ ಭಾರ ಇಳಿಸಿ. ಗಾಳಿಯಂತ್ರ ನಿಲ್ಲಿಸುವಷ್ಟು ಗಾಳಿಯುಳ್ಳ ನಮ್ಮ ಗುಡ್ಡಗಳ ನಾಡಿನಲ್ಲಿ ಹಗ್ಗ ಕಟ್ಟದೆ ಬಿಟ್ಟ ದೊಡ್ಡ ರೆಕ್ಕೆ ಹಾಯಿಯಂತೆ ವರ್ತಿಸುತ್ತದೆ. ಪ್ಲಾಸ್ಟಿಕ್ ಟಾರ್ಪಾಲಿನ್ ಹೊದಿಸಿದರೆ ಒಳಗೆ ಬೆವರುತ್ತದೆ. ಗಾಳಿಯಾಡುವ ಶೆಡ್ಡೇ ಮೇಲು.

ಇಷ್ಟೆಲ್ಲ ಏಕೆ ಎನ್ನುವವರಿಗೆ ಬ್ರಿಟನ್ನಿನ ಪ್ರಾಯೋಗಿಕ ವಿಮಾನ ಫೇರಿ ಡೆಲ್ಟಾ 2ರ ಕಥೆ ಹೇಳುತ್ತೇನೆ. ಅದನ್ನು ಕಟ್ಟಿದ್ದು ಎರಡೇ. 1956ರ ಮಾರ್ಚ್ 10ರಂದು ಪೀಟರ್ ಟ್ವಿಸ್ ಮೊದಲನೆಯದನ್ನು ಗಂಟೆಗೆ 1,822 ಕಿ.ಮೀ. ವೇಗದಲ್ಲಿ ಹಾರಿಸಿ ವಿಶ್ವದಾಖಲೆ ಮಾಡಿದರು. ಬಳಿಕ ಕಾಂಕಾರ್ಡ್ ಪ್ರಯಾಣಿಕ ವಿಮಾನದ ರೆಕ್ಕೆಯನ್ನು ಅರಿಯಲು ಅದೇ ವಿಮಾನಕ್ಕೆ ಹೊಸ ರೆಕ್ಕೆ ಜೋಡಿಸಲಾಯಿತು. 1964ರಲ್ಲಿ ಅದು ಬಿಎಸಿ 221 ಎಂಬ ಹೆಸರಿನಲ್ಲಿ ಹಾರಿತು. ಈಗ ಅದು ಯೋವಿಲ್ಟನ್ ಸಂಗ್ರಹಾಲಯದಲ್ಲಿದೆ. ದಾಖಲೆ ಮಾಡಿದ ಮೂಲ ರೆಕ್ಕೆ ಅದರಲ್ಲಿಲ್ಲ. ಆ ಆಕಾರ ಹೇಗಿತ್ತೆಂದು ಲೋಹದಲ್ಲಿ ನೋಡಬೇಕಾದರೆ ಕಾಸ್‌ಫರ್ಡ್‌ನಲ್ಲಿ ಉಳಿದಿರುವ ಎರಡನೆಯ ವಿಮಾನದ ಬಳಿಗೇ ಹೋಗಬೇಕು. ಅದೂ ಗುಜರಿಗೆ ಹೋಗಿದ್ದರೆ ಕಾಂಕಾರ್ಡ್‌ನ ವಂಶವೃಕ್ಷದಲ್ಲೇ ಒಂದು ತಲೆಮಾರು ಕಾಣೆಯಾಗುತ್ತಿತ್ತು. ಇಳಿಯುವಾಗ ಪೈಲಟ್‌ಗೆ ರನ್‌ವೇ ಕಾಣಲೆಂದು ಮೂಗನ್ನು ಕೆಳಕ್ಕೆ ಬಾಗಿಸುವ ಉಪಾಯವೂ ಫೇರಿಯಲ್ಲಿ ಮೊದಲೇ ಇತ್ತು.

ಇನ್ನು ಕಲ್ಪನೆಯ ಕೆಲಸ. ಇದು ಹುಡುಗಾಟವಲ್ಲ, 1950ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಆವ್ರೋ ಸಂಸ್ಥೆ ತನ್ನ ತ್ರಿಕೋನ ರೆಕ್ಕೆಯ ವಲ್ಕನ್ ಬಾಂಬರ್‌ನಿಂದಲೇ ‘ಅಟ್ಲಾಂಟಿಕ್’ ಎಂಬ ಪ್ರಯಾಣಿಕ ವಿಮಾನವನ್ನು ಕಾಗದದ ಮೇಲೆ ರೂಪಿಸಿತ್ತು, ಕಟ್ಟಲಿಲ್ಲ. ನೀವು ರೂಪಿಸುವಾಗ ಕಾಪಾಡಿದ ವಿಮಾನದ ನಿಜವಾದ ಅಳತೆಗಳಿಂದಲೇ ಹೊರಡಿ. ಎಲ್ಲವನ್ನೂ ಎರಡು ಪಟ್ಟು ಹಿಗ್ಗಿಸಿದರಾಯಿತು ಎಂಬುದು ಎಲ್ಲರೂ ಮಾಡುವ ತಪ್ಪು. ಉದ್ದ ಎರಡು ಪಟ್ಟಾದರೆ ರೆಕ್ಕೆಯ ವಿಸ್ತೀರ್ಣ ನಾಲ್ಕು ಪಟ್ಟು, ತೂಕ ಎಂಟು ಪಟ್ಟು ಆಗುತ್ತದೆ. ಪ್ರತಿ ಚದರ ಮೀಟರ್ ರೆಕ್ಕೆ ಹೊರುವ ಭಾರ ಇಮ್ಮಡಿಯಾಗಿ, ಇಳಿಯುವ ವೇಗ ಸುಮಾರು 1.4 ಪಟ್ಟಾಗುತ್ತದೆ. ಪುಷ್ಪಕ್ ಇಳಿದದ್ದೇ ಗಂಟೆಗೆ 320 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ. ಅದನ್ನು ಹಾಗೆಯೇ ಹಿಗ್ಗಿಸಿದರೆ ವೇಗ 450 ದಾಟುತ್ತದೆ, ಅದಕ್ಕೆ ಯಾರೂ ಟಿಕೆಟ್ ಕೊಳ್ಳಲಾರರು. ಆದ್ದರಿಂದ ಒಡಲು ಹಗುರವಾಗಬೇಕು, ರೆಕ್ಕೆ ಹಿರಿದಾಗಬೇಕು. ಕಾಂಕಾರ್ಡ್ ಸುಮಾರು 100 ಜನರಿಗಾಗಿ 358 ಚದರ ಮೀಟರ್ ರೆಕ್ಕೆ ಹೊತ್ತಿತ್ತು.

ಬಾಲವಿಲ್ಲದ ಡೆಲ್ಟಾದಲ್ಲಿ ಮೂಗೆತ್ತಲು ಎಲೆವಾನ್ ಮೇಲಕ್ಕೆ ಏಳಬೇಕು, ಆಗ ಎತ್ತುವ ಬಲವೇ ಸ್ವಲ್ಪ ಕಡಿಮೆಯಾಗುತ್ತದೆ. ಹಾಗಾಗಿ, ಇಳಿಯುವಾಗ ಎತ್ತುವ ಬಲ ಹೆಚ್ಚಿಸಲು ಹಿಂದಿನ ಅಂಚಿನಿಂದ ಕೆಳಕ್ಕೆ ಬಾಗಿಸುವ ಸಾಮಾನ್ಯ ಫ್ಲ್ಯಾಪ್‌ಗಳಿಗೆ ಅಲ್ಲಿ ಜಾಗವಿಲ್ಲ. ಆಸನಗಳನ್ನು ದಪ್ಪ ರೆಕ್ಕೆಯೊಳಗೆ ಹರಡುವ ಆಸೆ ಸಹಜ, ಆದರೆ ಲೆಕ್ಕ ಮಾಡಿ: ನಡುಗೆರೆಯಿಂದ 10 ಮೀಟರ್ ದೂರ ಕುಳಿತವರು ವಿಮಾನ 30 ಡಿಗ್ರಿ ವಾಲಿದಾಗ 5 ಮೀಟರ್ ಮೇಲೋ ಕೆಳಗೋ ಹೋಗುತ್ತಾರೆ. ತುರ್ತಿನಲ್ಲಿ ಅರ್ಧ ಬಾಗಿಲುಗಳಿಂದಲೇ ಎಲ್ಲರೂ 90 ಸೆಕೆಂಡಿನಲ್ಲಿ ಹೊರಬರಬೇಕೆಂಬ ನಿಯಮವನ್ನೂ ನಕ್ಷೆ ಪಾಲಿಸಬೇಕು. ನನ್ನ ಮತದಲ್ಲಿ ಜನರನ್ನು ಉದ್ದನೆಯ ಒಡಲಿನಲ್ಲಿ ಕೂರಿಸಿ, ರೆಕ್ಕೆಯನ್ನು ಇಂಧನಕ್ಕೆ ಬಿಡುವುದೇ ಸರಿ. ರನ್‌ವೇಯನ್ನೂ ಮರೆಯಬೇಡಿ: ಶಿವಮೊಗ್ಗದ್ದು 3.2 ಕಿ.ಮೀ., ತುಂಬಿದ ಕಾಂಕಾರ್ಡ್‌ಗೆ ಬೇಕಿದ್ದದ್ದು ಸುಮಾರು 3.6 ಕಿ.ಮೀ.

ಲೆಕ್ಕ ಕೂಡಿದ ಮೇಲೆ ಆ ಆಕಾರವನ್ನು ತೆಳು ರಟ್ಟಿನಲ್ಲಿ ಕತ್ತರಿಸಿ, ಹಿಂದಿನ ಅಂಚನ್ನು ಕೂದಲೆಳೆಯಷ್ಟು ಮೇಲಕ್ಕೆ ಬಾಗಿಸಿ, ನೇರ ತೇಲುವವರೆಗೆ ಮೂಗಿಗೆ ಒಂದೊಂದೇ ಕಾಗದದ ಕ್ಲಿಪ್ ಸಿಕ್ಕಿಸುತ್ತ ಹೋಗಿ. ಗಾಳಿ ಏಳುವ ಮುನ್ನ, ಬೆಳಗಿನ ಆರು ಗಂಟೆಗೆ ಬಯಲಿನಲ್ಲಿ ಎಸೆಯಿರಿ. ಅಂಚನ್ನು ಇನ್ನಷ್ಟು ಬಾಗಿಸಿದರೆ ರಟ್ಟು ಮೂಗೆತ್ತಿ, ನಿಧಾನವಾಗಿ ಮುಂದೆ ಸಾಗುತ್ತ, ಆದರೆ ಬೇಗನೆ ಕೆಳಗಿಳಿಯುವುದನ್ನು ಕಾಣುವಿರಿ. ಎಷ್ಟು ಕ್ಲಿಪ್, ಎಷ್ಟು ಬಾಗು, ಎಷ್ಟು ಹೆಜ್ಜೆ ದೂರ ಎಂಬುದನ್ನು ದಿನಾಂಕದೊಂದಿಗೆ ಬರೆದು, ಮೂಲ ವಿಮಾನದ ಅಳತೆಗಳಿರುವ ಕಡತದಲ್ಲೇ ಸೇರಿಸಿಡಿ.