ಹೊಸ ರಿಸೀವರ್ ತರಿಸುವ ಮುನ್ನ ತಂತಿ ನೋಡಿ

ಭಾನುವಾರ ಬಂತೆಂದರೆ ಕಲಬುರಗಿಯ ನಮ್ಮ ಮನೆಯ ಮೇಜಿನ ಮೇಲೆ ಎರಡೋ ಮೂರೋ ಡ್ರೋನ್ ಬಂದು ಕೂತಿರುತ್ತವೆ. ತಂದವರು ಹೆಚ್ಚಾಗಿ ಎಂಜಿನಿಯರಿಂಗ್ ಓದುವ ಹುಡುಗರು. "ಅಣ್ಣಾ, ರಿಸೀವರ್ ಸುಟ್ಟು ಹೋಗ್ಯಾದ ನೋಡ್ರಿ, ಹೊಸದು ತರಿಸಬೇಕು" ಎಂಬುದೇ ಎಲ್ಲರ ಮೊದಲ ಮಾತು. ರಿಸೀವರ್ ಎಂದರೆ ರಿಮೋಟಿನ ಸಂಕೇತ ಹಿಡಿದು ಡ್ರೋನಿನ ಬೋರ್ಡಿಗೆ ತಲುಪಿಸುವ ಪುಟ್ಟ ಭಾಗ. ಬಿಚ್ಚಿ ನೋಡಿದರೆ ಬಹುಪಾಲು ರಿಸೀವರ್‌ಗಳು ಗಟ್ಟಿಮುಟ್ಟಾಗಿಯೇ ಇರುತ್ತವೆ. ಒಬ್ಬ ಹುಡುಗನಂತೂ ಒಂದೇ ಡ್ರೋನಿಗೆ ಮೂರನೆಯ ರಿಸೀವರ್ ಹಾಕಿಕೊಂಡು ಬಂದಿದ್ದ. ಒಂದು ತಂತಿಯನ್ನು ಪಕ್ಕದ ಪ್ಯಾಡಿಗೆ (ಬೋರ್ಡಿನ ಮೇಲೆ ತಂತಿ ಬೆಸೆಯುವ ಲೋಹದ ಚುಕ್ಕೆಗೆ) ಬೆಸೆದದ್ದೇ ಅವನ ತೊಂದರೆ. ಮನೆಯವರು ಕೊಟ್ಟ ದುಡ್ಡು ಹೀಗೆ ಹೋಗುವುದನ್ನು ನೋಡಿ ಸಂಕಟವಾಗಿ ಇದನ್ನು ಬರೆಯುತ್ತಿದ್ದೇನೆ. ಈಗ ಹೆಚ್ಚು ಬಳಕೆಯಲ್ಲಿರುವ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ರಿಸೀವರ್ ಮತ್ತು ಬೀಟಾಫ್ಲೈಟ್ ಸಾಫ್ಟ್‌ವೇರ್ ಹಾಕಿದ ಫ್ಲೈಟ್ ಕಂಟ್ರೋಲರ್ (ಡ್ರೋನನ್ನು ನಡೆಸುವ ಮುಖ್ಯ ಬೋರ್ಡ್) ನಿಮ್ಮ ಬಳಿ ಇವೆ ಎಂದುಕೊಳ್ಳೋಣ.

ಶುರು ಮಾಡುವ ಮುಂಚೆ

ನಾಲ್ಕೂ ಪ್ರೊಪೆಲ್ಲರ್ ಬಿಚ್ಚಿ ಬೇರೆ ಕೋಣೆಯಲ್ಲಿಡಿ. ಇದರಲ್ಲಿ ರಾಜಿ ಬೇಡ. ಕಂಪ್ಯೂಟರಿಗೆ ಬೋರ್ಡ್ ಕಾಣಿಸದಿದ್ದರೆ ಯುಎಸ್‌ಬಿ ಕೇಬಲ್ ಬದಲಿಸಿ ನೋಡಿ. ಅಗ್ಗದ ಕೇಬಲ್‌ಗಳಲ್ಲಿ ಎಷ್ಟೋ ಬರೀ ಚಾರ್ಜಿಂಗ್‌ಗೆ ಮಾಡಿದವು, ಡೇಟಾ ಸಾಗಿಸುವ ಎಳೆಯೇ ಒಳಗಿರುವುದಿಲ್ಲ. ನಮ್ಮ ಬೇಸಿಗೆಯಲ್ಲಿ ಬ್ಯಾಟರಿ ಹಾಕಿ ಕೆಲಸ ಮಾಡುವಾಗ ಡ್ರೋನಿನ ಕಡೆಗೊಂದು ಫ್ಯಾನ್ ತಿರುಗಿಸಿ. ಗಾಳಿಯಿಲ್ಲದೆ ನಿಂತ, ಕ್ಯಾಮೆರಾದ ಚಿತ್ರ ಕಳಿಸುವ ವಿಡಿಯೊ ಟ್ರಾನ್ಸ್‌ಮಿಟರ್ ಕೆಲವೇ ನಿಮಿಷದಲ್ಲಿ ಕೈ ಸುಡುವಷ್ಟು ಕಾಯುತ್ತದೆ.

ರಿಮೋಟ್ ಮತ್ತು ರಿಸೀವರ್ ನಡುವೆ

ರಿಸೀವರಿನ ಪುಟ್ಟ ದೀಪ ಎಲ್ಲವನ್ನೂ ಹೇಳುತ್ತದೆ. ನಿಧಾನವಾಗಿ ಮಿನುಗಿದರೆ ರಿಮೋಟನ್ನು ಹುಡುಕುತ್ತಿದೆ, ಎರಡೆರಡು ಸಲ ಮಿನುಗಿದರೆ ಬೈಂಡ್ ಆಗಲು (ರಿಮೋಟಿನ ಜೊತೆ ಗಂಟು ಬೀಳಲು) ಕಾಯುತ್ತಿದೆ, ಒಂದೇ ಸಮ ಉರಿದರೆ ಜೋಡಣೆ ಆಗಿದೆ. ಮೂರು ಮೂರು ಸಲ ಮಿನುಗಿದರೆ ಜೋಡಣೆಯಾಗಿದ್ದರೂ ರಿಮೋಟಿನ ಮಾಡೆಲ್ ಮ್ಯಾಚ್ (ಯಾವ ಡ್ರೋನಿಗೆ ಯಾವ ಮಾಡೆಲ್ ಎಂಬ ಗುರುತು) ತಾಳೆಯಾಗಿಲ್ಲ. ರಿಮೋಟ್ ಸಿಗದೆ 60 ಸೆಕೆಂಡ್ ಕಳೆದರೆ ರಿಸೀವರ್ ತಾನಾಗಿ ವೈಫೈಗೆ ಹೋಗುತ್ತದೆ, ಆಗ ದೀಪ ಪಟಪಟನೆ ಮಿನುಗುತ್ತದೆ. ಹುಡುಗರು "ಸುಟ್ಟಿತು" ಎಂದು ಗಾಬರಿಯಾಗುವುದು ಇಲ್ಲೇ. ಅದು ಕೆಟ್ಟಿಲ್ಲ. ಮೊಬೈಲಿನಿಂದ ಅದರ ವೈಫೈಗೆ ಸೇರಿ, ಬ್ರೌಸರಿನಲ್ಲಿ 10.0.0.1 ತೆರೆದರೆ ಫರ್ಮ್‌ವೇರ್ (ರಿಸೀವರಿನ ಒಳಗಿನ ಸಾಫ್ಟ್‌ವೇರ್) ಆವೃತ್ತಿ ಕಾಣುತ್ತದೆ, ರಿಮೋಟಿಗೂ ರಿಸೀವರಿಗೂ ಒಂದೇ ಇರಬೇಕಾದ ಬೈಂಡಿಂಗ್ ಫ್ರೇಸನ್ನೂ ಅಲ್ಲೇ ಹಾಕಬಹುದು. ರಿಮೋಟಿನಲ್ಲಿ 3ನೇ ಸರಣಿಯ ಆವೃತ್ತಿ, ರಿಸೀವರಿನಲ್ಲಿ 2ನೇ ಸರಣಿಯದ್ದು ಇದ್ದರೆ ಎಷ್ಟು ಸಲ ಬೈಂಡ್ ಮಾಡಿದರೂ ಕೂಡುವುದಿಲ್ಲ. ರಿಮೋಟ್ ಆಫ್ ಇದ್ದಾಗಲೂ ದೀಪ ಒಂದೇ ಸಮ ಉರಿಯುತ್ತಿದ್ದರೆ ರಿಸೀವರ್ ಬೂಟ್‌ಲೋಡರಿನಲ್ಲಿ (ಫರ್ಮ್‌ವೇರ್ ತುಂಬುವ ಸ್ಥಿತಿಯಲ್ಲಿ) ಸಿಕ್ಕಿಕೊಂಡಿದೆ. ಬೂಟ್ ಪ್ಯಾಡಿನ ಮೇಲೆ ಬೆಸುಗೆ ಹರಿದು ಅಂಟಿದೆಯೇ ನೋಡಿ.

ಕೊಳ್ಳುವವರಿಗೆ ಒಂದು ಮಾತು. 2.4 ಗಿಗಾಹರ್ಟ್ಸ್‌ನದನ್ನೇ ತೆಗೆದುಕೊಳ್ಳಿ. ಅದಕ್ಕಿಂತ ಕೆಳಗೆ, 900ರ ಆಸುಪಾಸಿನಲ್ಲಿ, ನಮ್ಮ ದೇಶದಲ್ಲಿ ಪರವಾನಗಿಯಿಲ್ಲದೆ ಬಳಸಬಹುದಾದ ಆವರ್ತನ ಪಟ್ಟಿ 865ರಿಂದ 868 ಮೆಗಾಹರ್ಟ್ಸ್. ಬೇರೆ ದೇಶಕ್ಕೆಂದು 915ರಲ್ಲಿ ಹೊಂದಿಸಿದ ಸರಕನ್ನು ಅಗ್ಗವೆಂದು ತರಿಸಬೇಡಿ.

ರಿಸೀವರ್ ಮತ್ತು ಬೋರ್ಡ್ ನಡುವೆ

ದೀಪ ಒಂದೇ ಸಮ ಉರಿಯುತ್ತಿದೆ, ಆದರೆ ಬೀಟಾಫ್ಲೈಟಿನ ರಿಸೀವರ್ ಪುಟದಲ್ಲಿ, ರಿಮೋಟಿನ ಕಡ್ಡಿ ಆಡಿಸಿದರೂ, ಪಟ್ಟಿಗಳು ಅಲುಗುತ್ತಿಲ್ಲ. ನನ್ನ ಬಳಿ ಬರುವ ಡ್ರೋನ್‌ಗಳಲ್ಲಿ ಹೆಚ್ಚಿನವು ಇದೇ ಜಾತಿಯವು. ಇಲ್ಲಿ ಅವಸರ ಬೇಡ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪರೀಕ್ಷಿಸಿ, ಮುಂದೆ ಹೋಗಿ.

ಮಲ್ಟಿಮೀಟರ್ ಹಿಡಿದು ರಿಸೀವರಿಗೆ 5 ವೋಲ್ಟ್ ಬರುತ್ತಿದೆಯೇ ಅಳೆಯಿರಿ. ಹಲವು ಬೋರ್ಡ್‌ಗಳಲ್ಲಿ 5ವಿ ಪ್ಯಾಡಿಗೆ ಬ್ಯಾಟರಿ ಹಾಕಿದಾಗ ಮಾತ್ರ ವಿದ್ಯುತ್ ಬರುತ್ತದೆ. ಯುಎಸ್‌ಬಿಯಿಂದಲೂ ಬರುವುದು 4ವಿ5 ಎಂದು ಬರೆದ ಪ್ಯಾಡಿಗೆ. ರಿಸೀವರನ್ನು ಆ ಪ್ಯಾಡಿಗೇ ಬೆಸೆಯಿರಿ, ಹೊಂದಿಸುವಾಗ ಬ್ಯಾಟರಿಯ ಗೊಡವೆ ಇರುವುದಿಲ್ಲ.

ಆಮೇಲೆ ಎರಡು ಸಂಕೇತದ ತಂತಿ. ಟಿಎಕ್ಸ್ ಎಂದರೆ ಕಳಿಸುವ ಪ್ಯಾಡ್, ಆರ್‌ಎಕ್ಸ್ ಎಂದರೆ ಕೇಳುವ ಪ್ಯಾಡ್. ರಿಸೀವರಿನ ಟಿಎಕ್ಸ್ ಬೋರ್ಡಿನ ಆರ್‌ಎಕ್ಸ್‌ಗೆ, ರಿಸೀವರಿನ ಆರ್‌ಎಕ್ಸ್ ಬೋರ್ಡಿನ ಟಿಎಕ್ಸ್‌ಗೆ ಹೋಗಬೇಕು. ಒಬ್ಬರ ಬಾಯಿ ಇನ್ನೊಬ್ಬರ ಕಿವಿಗೆ ಎಂದು ನೆನಪಿಟ್ಟುಕೊಳ್ಳಿ. ಟಿಎಕ್ಸ್‌ಗೆ ಟಿಎಕ್ಸನ್ನೇ ಬೆಸೆದರೆ ಇಬ್ಬರೂ ಮಾತಾಡುತ್ತಾರೆ, ಕೇಳುವವರಿಲ್ಲ. ಎರಡೂ ತಂತಿ ಬೋರ್ಡಿನಲ್ಲಿ ಒಂದೇ ಸಂಖ್ಯೆಯ ಟಿಎಕ್ಸ್, ಆರ್‌ಎಕ್ಸ್ ಜೋಡಿಗೆ, ಅಂದರೆ ಒಂದೇ ಯುಆರ್ಟ್‌ಗೆ ಸೇರಬೇಕು. ಟಿ2ಗೆ ಒಂದು, ಆರ್3ಗೆ ಒಂದು ಬೆಸೆದದ್ದನ್ನು ನಾನು ಬಹಳ ಸಲ ಬಿಡಿಸಿದ್ದೇನೆ. ಪಟ್ಟಿಗಳು ಅಲುಗುತ್ತಿದ್ದು, ರಿಮೋಟಿನಲ್ಲಿ ಬ್ಯಾಟರಿಯ ವೋಲ್ಟೇಜ್ ಕಾಣದಿದ್ದರೆ ಬೋರ್ಡಿನ ಟಿಎಕ್ಸ್‌ನಿಂದ ಹೊರಟ ತಂತಿಯನ್ನು ಮೊದಲು ಅನುಮಾನಿಸಿ.

ಎಫ್4 ಬೋರ್ಡ್ (ಎಫ್4 ಎಂಬುದು ಬೋರ್ಡಿನ ಮುಖ್ಯ ಚಿಪ್ಪಿನ ಹೆಸರು) ಇದ್ದವರು ಇದನ್ನು ಗಮನವಿಟ್ಟು ಓದಿ. ಎಸ್‌ಬಸ್ ಎಂಬ ಸಂಕೇತ ಪದ್ಧತಿಯ ಹಳೆಯ ರಿಸೀವರ್‌ಗಳು ಸಂಕೇತವನ್ನು ತಲೆಕೆಳಗು ಮಾಡಿ ಕಳಿಸುತ್ತವೆ. ಎಫ್4 ಚಿಪ್‌ಗೆ ಅದನ್ನು ತಾನೇ ನೆಟ್ಟಗೆ ಮಾಡಿಕೊಳ್ಳಲು ಆಗದು, ಹಾಗಾಗಿ ಎಸ್‌ಬಸ್ ಎಂದು ಬರೆದ ಪ್ಯಾಡಿಗೆ ಬೋರ್ಡಿನಲ್ಲೇ ಒಂದು ಇನ್ವರ್ಟರ್ ಕೂರಿಸಿರುತ್ತಾರೆ. ನಮ್ಮ ರಿಸೀವರ್ ಬಳಸುವ ಸಿಆರ್‌ಎಸ್‌ಎಫ್ ಸಂಕೇತ ಮೊದಲೇ ನೆಟ್ಟಗಿದೆ. "ರಿಸೀವರ್ ತಾನೇ" ಎಂದು ಆ ಪ್ಯಾಡಿಗೆ ಬೆಸೆದರೆ ಇನ್ವರ್ಟರ್ ಅದನ್ನು ತಲೆಕೆಳಗು ಮಾಡುತ್ತದೆ, ಬೋರ್ಡಿಗೆ ಒಂದಕ್ಷರವೂ ತಿಳಿಯುವುದಿಲ್ಲ. ತಂತಿ ಕಿತ್ತು ಬೇರೆ ಖಾಲಿ ಆರ್‌ಎಕ್ಸ್ ಪ್ಯಾಡಿಗೆ ಹಾಕಿ. ಎಫ್7, ಎಚ್7 ಚಿಪ್‌ಗಳಿಗೆ ಈ ಕಾಟವಿಲ್ಲ, ಅಲ್ಲಿ ಸಾಫ್ಟ್‌ವೇರ್‌ನಿಂದಲೇ ತಿರುಗಿಸಬಹುದು.

ಬೆಸೆಯುವಾಗ ರೋಸಿನ್ (ರಾಳ) ಇರುವ ಸೀಸದ ಬೆಸುಗೆ ತಂತಿ ಬಳಸಿ. ಪೈಪ್, ತಗಡು ಬೆಸೆಯುವವರ ಆಸಿಡ್ ಪೇಸ್ಟನ್ನು ಬೋರ್ಡಿನ ಹತ್ತಿರ ತರಬೇಡಿ, ತಾಮ್ರವನ್ನೇ ತಿಂದುಬಿಡುತ್ತದೆ. ತಂತಿಯನ್ನು ಮೆಲ್ಲಗೆ ಎಳೆದಾಗ ಅಲುಗಿದರೆ ಆ ಬೆಸುಗೆ ಹಿಡಿದಿಲ್ಲ.

ತಂತಿ ಸರಿಯಿದ್ದರೆ ಬೀಟಾಫ್ಲೈಟ್ ಸಾಫ್ಟ್‌ವೇರ್ ನೋಡಿ. ಪೋರ್ಟ್ಸ್ ಪುಟದಲ್ಲಿ ನೀವು ಬೆಸೆದ ಯುಆರ್ಟ್‌ನ ಎದುರು ಮಾತ್ರ ಸೀರಿಯಲ್ ಆರ್‌ಎಕ್ಸ್ ಆನ್ ಇರಲಿ. ಮೊದಲ ಸಾಲಿನ ಯುಎಸ್‌ಬಿಯನ್ನು ಮುಟ್ಟಬೇಡಿ. ಸೇವ್ ಒತ್ತಿ, ಬೋರ್ಡ್ ರೀಬೂಟ್ ಆಗುವವರೆಗೆ ಕಾಯಿರಿ. ರಿಸೀವರ್ ಪುಟದಲ್ಲಿ ಸೀರಿಯಲ್ ಮತ್ತು ಸಿಆರ್‌ಎಸ್‌ಎಫ್ ಆರಿಸಿ. ಇಷ್ಟಾದರೂ ಅಲುಗದಿದ್ದರೆ ಆಜ್ಞೆಗಳನ್ನು ಟೈಪ್ ಮಾಡುವ ಸಿಎಲ್‌ಐ ಪುಟದಲ್ಲಿ ಸೀರಿಯಲ್‌ಆರ್‌ಎಕ್ಸ್ ಇನ್ವರ್ಟೆಡ್ ಮತ್ತು ಹಾಫ್‌ಡ್ಯೂಪ್ಲೆಕ್ಸ್ ಎರಡೂ ಆಫ್ ಇವೆಯೇ ನೋಡಿ. ಬೇರೆಯವರ ಸಿಎಲ್‌ಐ ಡಂಪನ್ನು (ಎಲ್ಲ ಸೆಟ್ಟಿಂಗ್‌ಗಳ ಪ್ರತಿಯನ್ನು) ಹಾಗೇ ಅಂಟಿಸಿಕೊಂಡವರಲ್ಲಿ ಇವು ಆನ್ ಆಗಿರುತ್ತವೆ. ಬೋರ್ಡ್ ಬೇರೆಯಾದರೆ ಆ ಡಂಪ್ ನಿಮಗೆ ಸಲ್ಲದು.

ಚಾನೆಲ್, ಆರ್ಮಿಂಗ್

ಥ್ರಾಟಲ್ (ಮೋಟರ್ ವೇಗದ ಕಡ್ಡಿ) ಎತ್ತಿದರೆ ರೋಲ್ (ಎಡಬಲಕ್ಕೆ ವಾಲಿಸುವ) ಪಟ್ಟಿ ಏರುತ್ತಿದ್ದರೆ ಚಾನೆಲ್ ಮ್ಯಾಪನ್ನು (ಯಾವ ಚಾನೆಲ್ ಯಾವ ಕಡ್ಡಿಗೆ ಎಂಬ ಕ್ರಮವನ್ನು) ಎಇಟಿಆರ್ ಮತ್ತು ಟಿಎಇಆರ್ ನಡುವೆ ಬದಲಿಸಿ. ಕಡ್ಡಿಗಳ ನಡು 1500, ತುದಿಗಳು 1000 ಮತ್ತು 2000ರ ಹತ್ತಿರ ಇರಲಿ. ಮೋಟರ್‌ಗಳನ್ನು ತಿರುಗಲು ಅಣಿ ಮಾಡುವ ಆರ್ಮ್ ಸ್ವಿಚ್ಚನ್ನು ಆಕ್ಸ್1 ಚಾನೆಲ್ಲಿನಲ್ಲೇ ಇಡಿ, ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ಅದನ್ನೇ ಬಯಸುತ್ತದೆ.

ಆರ್ಮ್ ಆಗದಿದ್ದರೆ ಸಿಎಲ್‌ಐನಲ್ಲಿ ಸ್ಟೇಟಸ್ (status) ಎಂದು ಟೈಪ್ ಮಾಡಿ, ಕಾರಣವನ್ನು ಬೋರ್ಡೇ ಹೇಳುತ್ತದೆ. ಥ್ರಾಟಲ್ ಎಂದರೆ ಕಡ್ಡಿ 1050ಕ್ಕಿಂತ ಕೆಳಗೆ ಇಳಿದಿಲ್ಲ. ಆಂಗಲ್ ಎಂದರೆ ಡ್ರೋನ್ 25 ಡಿಗ್ರಿಗಿಂತ ಹೆಚ್ಚು ವಾಲಿದೆ. ತೊಗರಿ ಹೊಲದ ಬದುವಿನ ಮೇಲಿಟ್ಟು ಹಾರಿಸಲು ನೋಡಿದವರಿಗೆ ಇದು ಎದುರಾಗುತ್ತದೆ, ಒಂದು ಹಲಗೆ ಒಯ್ಯಿರಿ. ಸಿಎಲ್‌ಐ, ಎಂಎಸ್‌ಪಿ ಎಂದು ಕಂಡರೆ ಕಂಪ್ಯೂಟರಿಗೆ ಜೋಡಿಸಿದ್ದೇ ಕಾರಣ, ಕೇಬಲ್ ತೆಗೆದು ಬ್ಯಾಟರಿಯಲ್ಲಿ ನೋಡಿ.

ಫೇಲ್‌ಸೇಫ್

ರಿಮೋಟಿನ ಸಂಕೇತ ಕಡಿದಾಗ ಡ್ರೋನ್ ಏನು ಮಾಡಬೇಕು ಎಂಬುದೇ ಫೇಲ್‌ಸೇಫ್. ಪ್ರೊಪೆಲ್ಲರ್ ಇಲ್ಲದೆ, ಬ್ಯಾಟರಿ ಹಾಕಿ, ಆರ್ಮ್ ಮಾಡಿ, ಥ್ರಾಟಲ್ ಸ್ವಲ್ಪ ಎತ್ತಿ, ರಿಮೋಟ್ ಆಫ್ ಮಾಡಿ. ಮೋಟರ್‌ಗಳು ತಾವಾಗಿ ನಿಲ್ಲಬೇಕು. ತಿರುಗುತ್ತಲೇ ಇದ್ದರೆ ಆ ಡ್ರೋನ್ ಮನೆಯಿಂದ ಹೊರಗೆ ಹೋಗಬಾರದು. ಫೇಲ್‌ಸೇಫ್ ಪುಟದಲ್ಲಿ ಡ್ರಾಪ್ (ಮೋಟರ್ ನಿಲ್ಲಿಸುವ ಆಯ್ಕೆ) ಆರಿಸಿ ಮತ್ತೆ ಪರೀಕ್ಷಿಸಿ.

ಇದೆಲ್ಲ ಮುಗಿದ ಮೇಲೆ ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ತೆರೆಯಿರಿ. ಸೇಡಂ ರಸ್ತೆಯ ಕಡೆ ನಮ್ಮ ವಿಮಾನ ನಿಲ್ದಾಣವಿದೆ, ಬೀದರ್‌ನಲ್ಲಿ ವಾಯುಪಡೆಯ ನೆಲೆಯಿದೆ. ನಿಮ್ಮ ಹೊಲ ಹಸಿರು ವಲಯದಲ್ಲಿದ್ದರೆ 400 ಅಡಿಯೊಳಗೆ, ವಿಮಾನ ನಿಲ್ದಾಣದ ಅಂಚಿನಿಂದ 8ರಿಂದ 12 ಕಿಲೋಮೀಟರ್ ನಡುವೆ ಇದ್ದರೆ 200 ಅಡಿಯೊಳಗೆ ಹಾರಿಸಿ. ಹಳದಿ ಅಥವಾ ಕೆಂಪಿನಲ್ಲಿದ್ದರೆ ಅನುಮತಿಯಿಲ್ಲದೆ ಬ್ಯಾಟರಿ ಜೋಡಿಸಲೇಬೇಡಿ.